ಮಾವ ಹೋದರು, ಕಲ್ಯಾಣದುರ್ಗಕ್ಕೆ

ಫೋನಿನಲ್ಲಿ ಯಾರಾದರೂ ಬರೀ "ಹೋದರು" ಎಂದರೆ ನನಗೆ ಇವತ್ತಿಗೂ ಆಗುವುದಿಲ್ಲ. ಎಲ್ಲಿಗೆ ಎನ್ನುವುದನ್ನು ಮೊದಲು ಹೇಳಿ, ಆಮೇಲೆ ಯಾರು ಬೇಕಾದರೂ ಹೋಗಲಿ ಎಂದು ರೇಗುತ್ತೇನೆ. ಮನೆಯಲ್ಲಿ ಎಲ್ಲರೂ ನಗುತ್ತಾರೆ. ಮುದುಕಿಗೆ ಇದೊಂದು ಚಾಳಿ ಎಂದುಕೊಂಡಿದ್ದಾರೆ. ನಗಲಿ, ನನಗೇನು. ಅವರು ಯಾರೂ ಹಿಂದೂಪುರದ ಟ್ರಂಕ್ ಕಾಲ್ ಆಫೀಸಿನ ಬೆಂಚಿನ ಮೇಲೆ ಕೂತು ಕಾದವರಲ್ಲ.

ಅರವತ್ತರ ದಶಕದ ಶುರುವಿನ ಮಾತು. ನಮ್ಮ ಯಜಮಾನರು ಹಿಂದೂಪುರದಲ್ಲಿ ಲೆಕ್ಕದ ಮೇಷ್ಟ್ರಾಗಿದ್ದರು. ಆಗ ಇಥಿಯೋಪಿಯಾ ದೇಶದವರು ಅಲ್ಲಿನ ಶಾಲೆಗಳಿಗೆ ನಮ್ಮ ಕಡೆಯ ಮೇಷ್ಟ್ರುಗಳನ್ನು ಕರೆಸಿಕೊಳ್ಳುತ್ತಿದ್ದರು. ಇವರೂ ಅರ್ಜಿ ಹಾಕಿದರು, ಕೆಲಸ ಸಿಕ್ಕಿತು, ಮೂರು ವರ್ಷದ ಕರಾರಿನ ಮೇಲೆ ಹೊರಟೇಬಿಟ್ಟರು. ಹೊರಡುವ ದಿನದವರೆಗೂ ನಾನು ಅದು ಭೂಪಟದಲ್ಲಿ ಎಲ್ಲಿದೆ ಎಂದು ಹುಡುಕಿ ನೋಡಿರಲಿಲ್ಲ. ಕೋಪ ಬಂದಿತ್ತು, ಅದಕ್ಕೆ. ನಾನೂ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದರಿಂದ ಕೆಲಸ ಬಿಟ್ಟು ಹಿಂದೆ ಹೋಗುವ ಹಾಗಿರಲಿಲ್ಲ. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಮಾವ.

ಮಾವ ರೊದ್ದಂ ಕಡೆಯ ಒಕ್ಕಲುತನದವರು. ಹೊಲವನ್ನು ಪಾಲಿಗೆ ಕೊಟ್ಟು ನಮ್ಮ ಜೊತೆ ಬಂದು ಇದ್ದರು. ಒಬ್ಬನೇ ಮಗ, ಒಬ್ಬಳೇ ಮಗಳು. ಮಗಳನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿತ್ತು. ಈ ಮನುಷ್ಯ ಒಂದು ಕಡೆ ಕೂರುವ ಜಾತಿಯಲ್ಲ. ಹದಿನೈದು ದಿನಕ್ಕೊಮ್ಮೆ ಚೀಲ ಹೆಗಲಿಗೆ ಹಾಕಿ "ಕಲ್ಯಾಣದುರ್ಗಕ್ಕೆ ಹೋಯ್ತೀನಿ ಕಣಮ್ಮ" ಎಂದು ಬಸ್ಸು ಹತ್ತಿಬಿಡುವರು. ವಾರ ಬಿಟ್ಟು ಅದೇ ಚೀಲದ ತುಂಬ ಕಳ್ಳೇಕಾಯಿ ಹೊತ್ತುಕೊಂಡು ಇಳಿಯುವರು. ಕಳ್ಳೇಕಾಯಿ ಹಿಂದೂಪುರದಲ್ಲಿ ಸಿಗುವುದಿಲ್ಲವೇ ಎಂದು ಕೇಳಿದರೆ, ಇದು ಮಗಳ ಮನೇದು ಎನ್ನುವರು.

ಯಜಮಾನರ ಕಾಗದ ಎರಡು ವಾರಕ್ಕೊಂದು ಬರುತ್ತಿತ್ತು. ಅವರಿದ್ದ ಊರಿಗೆ ಟೆಲಿಫೋನಿನ ತಂತಿಯೇ ಹೋಗಿರಲಿಲ್ಲ. ರಾಜಧಾನಿಗೆ ಬರಬೇಕೆಂದರೆ ಲಾರಿಯಲ್ಲಿ ಇಡೀ ಹಗಲು. ರಾಜಧಾನಿಯಲ್ಲಿ ಗುಂಟೂರು ಕಡೆಯ ಇನ್ನೊಬ್ಬ ಮೇಷ್ಟ್ರಿದ್ದರು, ಇವರ ಸ್ನೇಹಿತರು. ಅವರ ಮನೆಯಲ್ಲಿ ಫೋನು ಇತ್ತು. ಆ ನಂಬರನ್ನು ಕಾಗದದಲ್ಲಿ ಬರೆದು, ಕೆಳಗೆ "ತೀರ ಅಗತ್ಯ ಬಿದ್ದರೆ ಮಾತ್ರ" ಎಂದು ಎರಡು ಗೆರೆ ಎಳೆದಿದ್ದರು.

ಒಂದು ಸಲ ಆರು ವಾರವಾದರೂ ಕಾಗದ ಬರಲಿಲ್ಲ. ಅದೇ ಹೊತ್ತಿಗೆ ಪೇಪರಿನ ಮೂಲೆಯಲ್ಲಿ ಆ ದೇಶದ ಕಡೆ ಯಾವುದೋ ಜ್ವರ ಎದ್ದಿದೆ ಎಂದು ನಾಲ್ಕು ಸಾಲು ಬಂತು. ನಾನು ಆ ಪೇಪರನ್ನು ಮಾವನಿಗೆ ಕಾಣದ ಹಾಗೆ ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ಪಾಠ ಮಾಡುವಾಗ ಮಧ್ಯದಲ್ಲಿ ನಿಂತುಬಿಡುತ್ತಿದ್ದೆ. ಪೋಸ್ಟಿನವನು ಬೀದಿಯ ತುದಿಗೆ ಬಂದರೆ ಬಾಗಿಲಿಗೆ ಓಡುವುದು, ಮನೆ ದಾಟಿ ಮುಂದೆ ಹೋದರೆ ಅವನ ಮೇಲೆ ಸಿಟ್ಟು ಬರುವುದು. ಅವನು ಏನು ಮಾಡಿಯಾನು ಪಾಪ.

ಆ ಸೋಮವಾರ ಮಾವ ಎಂದಿನಂತೆ ಚೀಲ ಹೊತ್ತು ಕಲ್ಯಾಣದುರ್ಗಕ್ಕೆ ಹೋದರು. ಅವರು ಊರಲ್ಲಿಲ್ಲದಾಗಲೇ ಈ ಕೆಲಸ ಮಾಡಬೇಕೆಂದು ನಾನು ಟ್ರಂಕ್ ಆಫೀಸಿಗೆ ಹೋಗಿ ಕಾಲ್ ಬುಕ್ ಮಾಡಿದೆ. ಅಲ್ಲಿದ್ದ ಆಪರೇಟರು ತೆಲುಗು ಸೀಮೆಯ ಕರಾವಳಿ ಕಡೆಯಿಂದ ವರ್ಗವಾಗಿ ಬಂದವನು. ನಡುವಯಸ್ಸು, ಮೂಗಿನ ತುದಿಯಲ್ಲೇ ಕೋಪ. ಇಥಿಯೋಪಿಯಾ ಎಂದು ನಾನು ಮೂರು ಸಲ ಹೇಳಿದ ಮೇಲೆ, ಇದು ಬೆಂಗಳೂರಿಗೆ ಹೋಗಿ, ಅಲ್ಲಿಂದ ಬೊಂಬಾಯಿಗೆ ಹೋಗಿ, ಅಲ್ಲಿಂದ ತಂತಿಯೂ ಇಲ್ಲದೆ ಗಾಳಿಯಲ್ಲಿ ಹೋಗಬೇಕು, ಅದೂ ವಾರಕ್ಕೆ ಎರಡೇ ದಿನ, ಮಧ್ಯಾಹ್ನ ಸ್ವಲ್ಪ ಹೊತ್ತು, ಮಂಗಳವಾರ ಮತ್ತು ಗುರುವಾರ ಬಂದು ಕಾಯಿರಿ ಎಂದು ತೆಲುಗಿನಲ್ಲಿ ಗದರಿದ.

ಗುರುವಾರ ಸಿಕ್ಕಿತು. ರಿಸೀವರಿನ ಒಳಗೆ ಹುರಿಯುವ ಸದ್ದು, ಅದರ ಹಿಂದೆ ಎಲ್ಲೋ ಗುಂಟೂರಿನ ಮೇಷ್ಟ್ರ ದನಿ. ನಾನು ನಮ್ಮ ಕಡೆಯ ತೆಲುಗಿನಲ್ಲಿ ಕಿರುಚಿದೆ. ಇವರು ಹೇಗಿದ್ದಾರೆ? ಚೆನ್ನಾಗಿದ್ದಾರೆ, ಮಳೆಗೆ ದಾರಿ ಕಿತ್ತುಹೋಗಿದೆ, ಅದಕ್ಕೇ ಟಪಾಲು ನಿಂತಿದೆ, ಜ್ವರ ಗಿರ ಏನೂ ಇಲ್ಲ, ಎಂಟು ದಿನದ ಹಿಂದೆ ನಾನೇ ಸುತ್ತುಬಳಸಿ ಹೋಗಿ ಕಂಡು ಬಂದೆ ಎಂದರು. ನನ್ನ ಮೈ ಹಗುರವಾಯಿತು. ಅವರು ಮರ್ಯಾದೆಗೆ ಕೇಳಿದರು, "ಮೀ ಮಾವಗಾರು ಎಲಾ ಉನ್ನಾರಮ್ಮಾ?"

ಮಾವ ಹೇಗಿದ್ದಾರೆ ಎಂದು. ಖುಷಿಯಲ್ಲಿ ನಾನು ಒಂದೇ ಉಸಿರಿಗೆ ಹೇಳಿದೆ, "ಮಾಮ ಸೋಮವಾರಮು ಕಲ್ಯಾಣದುರ್ಗಾನಿಕಿ ಪೋಯಿನಾರು ಸಾರ್!" ಸೋಮವಾರ ಕಲ್ಯಾಣದುರ್ಗಕ್ಕೆ ಹೋದರು ಎಂದು.

ಸ್ವಲ್ಪ ಹೊತ್ತು ಬರೀ ಗಾಳಿ. ಆಮೇಲೆ "ಅಯ್ಯಯ್ಯೋ" ಎಂದಂತಾಯಿತು. ಅವರಿಗೆ ಹೇಳುತ್ತೇನೆ, ನೀವು ಧೈರ್ಯವಾಗಿರಿ ಅಮ್ಮಾ, ಧೈರ್ಯವಾಗಿರಿ ಎಂದರು. ಗಂಡ ದೂರದಲ್ಲಿರುವವಳಿಗೆ ಎಲ್ಲರೂ ಹೇಳುವ ಮಾತು ಎಂದುಕೊಂಡು "ಇದ್ದೀನಿ ಸಾರ್, ಆರಾಮಾಗಿದ್ದೀನಿ" ಎಂದು ನಕ್ಕೆ. ಅಲ್ಲಿಗೆ ಲೈನು ಕಡಿಯಿತು.

ಬೂತಿನಿಂದ ಹೊರಗೆ ಬಂದರೆ ಆ ಸಿಡುಕು ಆಪರೇಟರು ಎದ್ದು ನಿಂತಿದ್ದ. ಕೂತುಕೊಳ್ಳಿ ಎಂದು ತನ್ನ ಕುರ್ಚಿಯನ್ನೇ ಎಳೆದು ಕೊಟ್ಟ, ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟ. ಮನೆಗೆ ಒಬ್ಬರೇ ಹೋಗುತ್ತೀರಾ, ಜೊತೆಗೆ ಯಾರನ್ನಾದರೂ ಕಳಿಸಲೇ ಎಂದ. ನಾನು ನಗುನಗುತ್ತಾ ನೀರು ಕುಡಿದೆ. ದೊಡ್ಡ ಫೋನು ಮಾಡಿದವರಿಗೆ ಇಲ್ಲಿ ಮರ್ಯಾದೆ ಜಾಸ್ತಿ ಎಂದುಕೊಂಡೆ. ಅವನು ನನ್ನನ್ನು ಒಂದು ಥರ ನೋಡಿದ. ಮನೆಗೆ ಬಂದವಳೇ ಪಾಯಸ ಮಾಡಿಕೊಂಡು ಒಬ್ಬಳೇ ಕೂತು ಉಂಡೆ. ಆರು ವಾರದ ಮೇಲೆ ಹೊಟ್ಟೆಗೆ ಅನ್ನ ಸೇರಿದ್ದು ಅವತ್ತೇ.

ಭಾನುವಾರ ಸಂಜೆ ಮಾವ ಕಳ್ಳೇಕಾಯಿ ಸಮೇತ ವಾಪಸಾದರು. ಮರುದಿನ, ಸೋಮವಾರ, ನಾನು ಪಾಠ ಮಾಡುತ್ತಿರುವಾಗ ಕ್ಲಾಸಿನ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಮಡಚಿದ ಕಾಗದ.

"ತಂತಿ ಬಂದೈತೆ ಕಣಮ್ಮ. ನಾನೇ ರುಜು ಹಾಕಿ ಇಸ್ಕಂಡೆ. ಇಂಗ್ಲಿಷ್ ಇದ್ದಂಗೈತೆ."

ಆ ಕಾಲದಲ್ಲಿ ತಂತಿ ಎಂದರೆ ಸಾವೇ. ಬಾಗಿಲ ಚೌಕಟ್ಟು ಹಿಡಿದುಕೊಂಡು ಓದಿದೆ. ತಂತಿ ಕಳಿಸಿದವರು ನಮ್ಮ ಯಜಮಾನರೇ ಎಂದು ಕಂಡಾಗ ಉಸಿರು ಬಂತು. ಮಿಕ್ಕದ್ದು ತಲೆಗೆ ಹತ್ತಲಿಲ್ಲ. ಅಪ್ಪನ ಸುದ್ದಿ ತಲುಪಿತು, ಕಾಲಕ್ಕೆ ಬಂದು ಸೇರಲಾಗುವುದಿಲ್ಲ, ಹನ್ನೊಂದನೇ ದಿನದ ತಿಥಿ ಇಲ್ಲೇ ರಾಜಧಾನಿಯಲ್ಲಿ ಸ್ನೇಹಿತರ ಮನೆಯಲ್ಲಿ ಮಾಡುತ್ತೇನೆ, ಧೈರ್ಯವಾಗಿರು. ಇಷ್ಟು. ಇನ್ನೊಂದು ಸಲ ಓದಿದೆ, ತಲೆ ಎತ್ತಿ ಮಾವನನ್ನು ನೋಡಿದೆ. ಅವರು ಹೆಗಲ ಮೇಲಿನ ವಲ್ಲಿಯಿಂದ ಬೆವರು ಒರೆಸಿಕೊಳ್ಳುತ್ತಿದ್ದರು.

"ಏನಂತೆ?" ಎಂದರು.

"ನೀವು ಹೋಗ್ಬುಟ್ರಂತೆ, ಮಾವ."

"ಎಲ್ಲಿಗೆ?"

ನನಗೆ ಅಳುವೋ ನಗುವೋ ತಿಳಿಯಲಿಲ್ಲ. ಕ್ಲಾಸು ಬಿಟ್ಟು ಹೊರಗೆ ಬಂದು ಮರದ ಕೆಳಗೆ ನಿಂತು ಎಲ್ಲ ಬಿಡಿಸಿ ಹೇಳಿದೆ. ಮಾವ ಮೊದಲು ಬಾಯಿ ಬಿಟ್ಟು ನಕ್ಕರು. ನಮ್ಮ ಕಡೆ ಯಾರ ತಲೆಗಾದರೂ ಕಾಗೆ ಬಡಿದರೆ, ಆ ಮನುಷ್ಯ ಸತ್ತ ಎಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುವ ಪದ್ಧತಿ ಇತ್ತು. ನೆಂಟರು ಗೊಳೋ ಎಂದು ಅತ್ತರೆ ದೋಷ ಕಳೆಯುತ್ತದೆ ಎಂದು ನಂಬಿಕೆ. ಆಮೇಲೆ ಅವರೇ ಬಂದು ಬೈದು ಊಟ ಮಾಡಿ ಹೋಗುವರು.

"ಕಾಗೆ ಮುಟ್ದೇ ಇದ್ರೂ ನನ್ ಮಗ ಅತ್ತವ್ನೆ ಬಿಡು. ಆಯಸ್ಸು ಬೆಳೀತು," ಎಂದರು. ಆಮೇಲೆ ನಗು ನಿಲ್ಲಿಸಿ ಕೇಳಿದರು, "ತಿಥಿ ಅಂದ್ಯಲ್ಲಮ್ಮ. ಎಡೆ ಇಕ್ತಾನಾ?"

ಒಬ್ಬನೇ ಮಗ. ಇಡದೇ ಇರುತ್ತಾರೆಯೇ?

"ಅಳ್ಳಿ, ಎಷ್ಟು ಬೇಕಾದ್ರೂ ಅಳ್ಳಿ. ಆದ್ರೆ ಉಸ್ರಾಡೋನಿಗೆ ಎಡೆ ಇಕ್ಬಾರ್ದು ಕಣಮ್ಮ," ಎಂದರು ಮಾವ. ಅವರ ದನಿ ಬೇರೆಯಾಗಿತ್ತು.

ಬೆರಳು ಮಡಚಿ ದಿನ ಎಣಿಸಿದೆವು. ಸೋಮವಾರ ಹೋದರು ಎಂದಿದ್ದೆನಲ್ಲ, ಅಲ್ಲಿಂದ ಹನ್ನೊಂದನೇ ದಿನ ಬರುವ ಗುರುವಾರ. ನಡುವೆ ಫೋನಿನ ದಿನಗಳು ಎರಡೇ: ಮಂಗಳವಾರ, ಮತ್ತು ಆ ಗುರುವಾರವೇ.

ಟ್ರಂಕ್ ಆಫೀಸಿಗೆ ಓಡಿದೆವು. ನಾನು ತಂತಿಯನ್ನು ಆಪರೇಟರಿನ ಮುಂದೆ ಹಿಡಿದು, ನಾನು ಹೇಳಿದ್ದೇನು, ಯಜಮಾನರಿಗೆ ತಲುಪಿದ್ದೇನು ಎಂದು ಕೂಗಾಡಿದೆ. ಅವನು ತಂತಿ ಓದಿ, ನನ್ನ ಪಕ್ಕದಲ್ಲಿದ್ದ ಮಾವನನ್ನು ನೋಡಿ, ಇವರು ಯಾರು ಎಂದ. ಸತ್ತವರು ಎಂದೆ. ಅವನ ಮುಖ ಬಿಳುಚಿಕೊಂಡಿತು. ಆಮೇಲೆ ಮೆಲ್ಲಗೆ, ಅಮ್ಮಾ, ಅವತ್ತು ಲೈನಿನಲ್ಲಿ ನಾನೂ ಕೇಳಿಸಿಕೊಂಡೆ, ಊರಿನ ಹೆಸರು ಬರಲೇ ಇಲ್ಲ, ಮಾಮ ಸೋಮವಾರ ಪೋಯಿನಾರು ಅಂದದ್ದಷ್ಟೇ ಬಂತು ಎಂದ. ಪೋಯಿನಾರು ಎಂದರೆ ಹೋದರು, ಅದರಲ್ಲೇನು ತಪ್ಪು ಎಂದೆ. ನಿಮ್ಮ ಸೀಮೆಯಲ್ಲಿ ಹೋದರು, ನಮ್ಮ ಕಡೆ ಹಾಗೆಂದರೆ ಸತ್ತರು ಎಂದೇ ಅಮ್ಮಾ, ಊರಿಗೆ ಹೋದವರನ್ನು ವೆಳ್ಳಾರು ಅನ್ನುತ್ತೇವೆ ಎಂದ. ಗುಂಟೂರಿನ ಮೇಷ್ಟ್ರು ಅವನ ಕಡೆಯವರೇ. ಆ ಕುರ್ಚಿ, ಆ ಹೂಜಿಯ ನೀರು ಈಗ ಅರ್ಥವಾಯಿತು. ಮಾವ ಸತ್ತರೆಂದು ಹಲ್ಲು ಕಿರಿಯುವ ಸೊಸೆ ಎಂದು ನಾಲ್ಕು ದಿನ ಅವನು ನನ್ನನ್ನು ಏನೆಂದುಕೊಂಡಿದ್ದನೋ!

ಕಾಲ್ ಬುಕ್ ಮಾಡಿದೆ, ಜೊತೆಗೆ ಅಪ್ಪ ಬದುಕಿದ್ದಾರೆ ಎಂದು ತಂತಿಯನ್ನೂ ಕೊಟ್ಟೆ. ತಂತಿಯ ಮೇಲೆ ಮಾವನಿಗೆ ನಂಬಿಕೆ ಬರಲಿಲ್ಲ. "ಕಾಗದದಾಗೆ ಯಾರ್ ಬೇಕಾದ್ರೂ ಬದುಕ್ಬೋದು. ಅವ್ನು ನನ್ ಗಂಟ್ಲು ಕೇಳ್ಬೇಕು," ಎಂದರು.

ಆ ರಾತ್ರಿ ಎಲೆ ಹಾಕಿ ಬಡಿಸಿದರೆ ಎಲೆಯನ್ನೇ ನೋಡುತ್ತಾ ಕೂತರು. "ಯಾಕೋ ಎಡೆ ಇಕ್ದಂಗೈತೆ ಕಣಮ್ಮ" ಎಂದು ಎದ್ದುಬಿಟ್ಟರು. ಮಾರನೆಯ ದಿನದಿಂದ ಎಲೆ ಬೇಡ, ಕೈಯಲ್ಲೇ ಕೊಡು ಎಂದರು. ಮುದ್ದೆಯನ್ನು ಕೈಯಲ್ಲಿ ಹಿಡಿದು, ಬಾಗಿಲಲ್ಲಿ ನಿಂತುಕೊಂಡೇ ನಾಲ್ಕು ತುತ್ತು ನುಂಗುತ್ತಿದ್ದರು. ಹೆದರಬೇಡಿ ಎಂದು ಹೇಳಲು ನನಗೆ ಬಾಯಿರಲಿಲ್ಲ. ಅವರನ್ನು ಸಾಯಿಸಿದವಳು ನಾನೇ.

ಮಂಗಳವಾರ ಮಧ್ಯಾಹ್ನವೆಲ್ಲ ಬೆಂಚಿನ ಮೇಲೆ ಕಾದೆವು. ಬೊಂಬಾಯಿಯವರು ಆಕಾಶ ಸರಿಯಿಲ್ಲ ಎನ್ನುತ್ತಿದ್ದಾರೆ ಎಂದ ಆಪರೇಟರು. ಗಾಳಿಯಲ್ಲಿ ಹೋಗುವ ಮಾತಿಗೆ ಆಕಾಶ ಚೆನ್ನಾಗಿರಬೇಕಂತೆ. ಮಾವ ಎದ್ದು ಬೀದಿಗೆ ಹೋಗಿ, ಹುಬ್ಬಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ ಬಂದರು.

"ನಮ್ ಆಕಾಸ ಚೆನ್ನಾಗೈತಲ್ಲಪ್ಪ. ಒಂದು ಮೋಡ ಇಲ್ಲ," ಎಂದರು. ಅವನು ನಗಲಿಲ್ಲ. ಗುರುವಾರ ಮೊದಲು ನಿಮ್ಮದನ್ನೇ ಕೇಳುತ್ತೇನೆ ಎಂದ.

ಬುಧವಾರ ಹೇಗೆ ಕಳೆಯಿತೋ ದೇವರೇ ಬಲ್ಲ. ನಾನು ಬೋರ್ಡಿನ ಮೇಲೆ ಒಂದೇ ಲೆಕ್ಕವನ್ನು ಎರಡು ಸಲ ತಪ್ಪು ಮಾಡಿ, ತಪ್ಪು ತೋರಿಸಿದ ಹುಡುಗಿಗೇ ಬೈದೆ.

ಗುರುವಾರ ಹನ್ನೆರಡು ಗಂಟೆಗೇ ಹೋಗಿ ಕೂತೆವು. ನಮ್ಮ ಗಡಿಯಾರಕ್ಕೂ ಅವರದಕ್ಕೂ ಎರಡೂವರೆ ಗಂಟೆ ವ್ಯತ್ಯಾಸ. ಇಲ್ಲಿ ಎರಡೂವರೆಯಾದರೆ ಅಲ್ಲಿ ನೆತ್ತಿಗೆ ಸೂರ್ಯ, ಎಡೆ ಇಡುವ ಹೊತ್ತು. ಒಂದಾಯಿತು. ಒಂದೂವರೆ. ಆಪರೇಟರು ಕಿವಿಗೆ ಕಟ್ಟಿಕೊಂಡಿದ್ದನ್ನು ತೆಗೆಯದೆ ಬೆಂಗಳೂರನ್ನು ಕೂಗುತ್ತಲೇ ಇದ್ದ. ಬೆಂಗಳೂರು ಸಿಕ್ಕರೆ ಬೊಂಬಾಯಿ ಇಲ್ಲ, ಬೊಂಬಾಯಿ ಸಿಕ್ಕರೆ ಆಚೆಯವರು ಇಲ್ಲ. ಎರಡಾಯಿತು. ಮಾವ ಗೋಡೆಯ ಗಡಿಯಾರದ ಕಡೆ ಬೆನ್ನು ಮಾಡಿ ಕೂತರು. ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಬಂದಂದಿನಿಂದ ಅವರು ನನ್ನ ಕೈ ಮುಟ್ಟಿದವರಲ್ಲ. ಅಂಗೈ ತಣ್ಣಗಿತ್ತು.

ಎರಡೂ ಇಪ್ಪತ್ತಕ್ಕೆ ಆಪರೇಟರು ಬೂತಿನ ಕಡೆ ಬೆರಳು ಮಾಡಿ "ರಂಡಿ! ರಂಡಿ!" ಎಂದು ಕೂಗಿದ, ಬನ್ನಿ ಬನ್ನಿ ಎಂದು. ನನಗಿಂತ ಮೊದಲು ಮಾವ ನುಗ್ಗಿದರು. ನಾನು ರಿಸೀವರ್ ಎತ್ತಿದೆ. ಗುಂಟೂರಿನ ಮೇಷ್ಟ್ರ ದನಿ. ಅವರು ಸ್ನಾನಕ್ಕೆ ಹೋಗಿದ್ದಾರೆ ಅಮ್ಮಾ, ಎಲ್ಲ ಸಿದ್ಧವಾಗಿದೆ ಎಂದರು.

"ಕರೀರಿ ಸಾರ್! ಮಾವ ಇಲ್ಲೇ ಅವ್ರೆ! ಬದ್ಕವ್ರೆ!" ತೆಲುಗು ಮರೆತು ಕನ್ನಡದಲ್ಲೇ ಕಿರುಚಿದ್ದೆ.

ಮಾವ ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು. ಅದನ್ನು ತಲೆಕೆಳಗಾಗಿ ಹಿಡಿದಿದ್ದರು, ನಾನು ತಿರುಗಿಸಿ ಕೊಟ್ಟೆ. "ನಾನು ಕಣಪ್ಪಾ! ಅವ್ರಪ್ಪ! ಕರಿ ಅವ್ನನ್ನ!" ಎಂದು ಬೂತಿನ ಗಾಜು ಅದುರುವ ಹಾಗೆ ಕೂಗಿದರು. ಆ ಕಡೆ ಏನೋ ಬಿದ್ದ ಸದ್ದು ನನಗೂ ಕೇಳಿಸಿತು. ಆಮೇಲೆ ಏನೂ ಇಲ್ಲ, ಬರೀ ಗಾಳಿ. ಲೈನು ಕಡಿಯಿತು ಎಂದೇ ನಾನು ಕಣ್ಣು ಮುಚ್ಚಿಕೊಂಡೆ.

"ಲೋ," ಎಂದರು ಮಾವ, ಇದ್ದಕ್ಕಿದ್ದಂತೆ ಸಣ್ಣ ದನಿಯಲ್ಲಿ. "ನಾನು ಕಣ್ಲಾ. ಅಪ್ಪ."

ಮಗ ಏನೆಂದರೋ ನನಗೆ ಕೇಳಲಿಲ್ಲ. ಮಾವನ ಕಡೆಯ ಮಾತಷ್ಟೇ ಕೇಳಿಸಿತು.

"ಎಡೆ ಇಕ್ಬುಟ್ಯಾ? ... ಇನ್ನೂ ಇಲ್ವಾ? ಇಕ್ಬ್ಯಾಡ ಕಣ್ಲಾ, ಇಕ್ಬ್ಯಾಡ! ... ತಲೆ? ... ಬೋಳಿಸ್ಬುಟ್ಯಾ. ಹೋಗ್ಲಿ ಬುಡು, ಬೆಳೀತದೆ. ... ಕಲ್ಯಾಣದುರ್ಗಕ್ಕೆ ಹೋಗಿದ್ದೆ ಕಣ್ಲಾ! ಕಲ್ಯಾಣದುರ್ಗಕ್ಕೆ! ಕಳ್ಳೇಕಾಯಿ ತರಾಕೆ! ... ಯಾಕ್ಲಾ ಅಳ್ತೀಯ? ಬದುಕಿವ್ನಿ ಅಂದ್ರೂ ಅಳ್ತಾನಲ್ಲ ಇವ್ನು!"

ಮೂರು ನಿಮಿಷವೂ ಅಪ್ಪ ಮಗನಿಗೇ ಆಯಿತು. ಹತ್ತು ತಿಂಗಳಿಂದ ಗಂಡನ ದನಿ ಕೇಳದವಳಿಗೆ ಒಂದು ಹಲೋ ಕೂಡ ಉಳಿಯಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಆದರೆ ಮನೆಗೆ ಬಂದ ಮಾವ ಎಲೆ ಹಾಕು ಎಂದು ಕೂತು ಎರಡು ಮುದ್ದೆ ಉಂಡಾಗ, ಬಡಿಸುತ್ತಾ ನಿಂತ ನನಗೆ ಕಣ್ಣೀರು ತಡೆಯಲಾಗಲಿಲ್ಲ. ನಾವು ಕಳಿಸಿದ ತಂತಿ ಅಲ್ಲಿಗೆ ತಲುಪಿದ್ದು ಶನಿವಾರವಂತೆ.

ಅಲ್ಲಿಂದಾಚೆ ಅದು ನಮ್ಮ ಮನೆಯ ತಮಾಷೆಯಾಯಿತು. ಯಜಮಾನರ ಪ್ರತಿ ಕಾಗದದ ಕೊನೆಯಲ್ಲೂ "ಅಪ್ಪ ಹೋದರೇ? ಎಲ್ಲಿಗೆ?" ಎಂದು ಇರುತ್ತಿತ್ತು. "ಹೋದರು, ಕಲ್ಯಾಣದುರ್ಗಕ್ಕೆ" ಎಂದು ನಾನು ಬರೆಯುತ್ತಿದ್ದೆ. ಮಾವ ಅದನ್ನು ಓದಿಸಿ ಕೇಳಿ, ತೊಡೆ ತಟ್ಟಿಕೊಂಡು ನಗುವರು. ಬೀದಿಯಲ್ಲಿ ಸಿಕ್ಕಿದರೆ ಆಪರೇಟರೂ ಅವರಿಗೆ ಕೈ ಮುಗಿಯುವನು. ಏನಪ್ಪ, ಆಕಾಸ ಚೆನ್ನಾಗೈತಾ ಎಂದು ಮಾವ ಅವನನ್ನು ಕೇಳುವರು.

ಎರಡು ವರ್ಷ ಕಳೆಯಿತು. ಯಜಮಾನರನ್ನು ರಾಜಧಾನಿಯ ಶಾಲೆಗೇ ಹಾಕಿದರು, ಗುಂಟೂರಿನ ಮೇಷ್ಟ್ರ ಮನೆಯಲ್ಲೇ ಇದ್ದರು. ಕರಾರು ಮುಗಿಯಲು ಇನ್ನು ಎರಡೇ ತಿಂಗಳಿದ್ದಾಗ ಒಂದು ಶನಿವಾರ ಮಾವ ಚೀಲ ಹೆಗಲಿಗೆ ಹಾಕಿ ಕಲ್ಯಾಣದುರ್ಗಕ್ಕೆ ಹೊರಟರು. ಸೋಮವಾರ ಮಧ್ಯಾಹ್ನ ಮಗಳ ಮನೆಯ ಜಗಲಿಯಲ್ಲಿ ಕಳ್ಳೇಕಾಯಿ ಸುಲಿಯುತ್ತಾ ಕೂತವರು ಹಾಗೇ ಪಕ್ಕಕ್ಕೆ ಒರಗಿದರಂತೆ. ಸುದ್ದಿ ಬಂದು ನಾನು ಹೋಗಿ ಸೇರುವ ಹೊತ್ತಿಗೆ ಮುಖದ ಮೇಲೆ ಬಟ್ಟೆ ಹೊದಿಸಿದ್ದರು. ಎಲ್ಲ ಮುಗಿಸಿ, ಮೂರನೇ ದಿನದ ಹಾಲುತುಪ್ಪಕ್ಕೂ ಕಾಯದೆ, ಫೋನು ಮಾಡಲೆಂದೇ ನಾನು ಹಿಂದೂಪುರದ ಬಸ್ಸು ಹತ್ತಿದೆ. ತಂತಿ ಕೊಡು ಎಂದರು ನಾದಿನಿ. ಹಿಂದಿನ ಸಲದ ತಂತಿ ಶನಿವಾರ ತಲುಪಿದ್ದು ನನಗೆ ನೆನಪಿತ್ತು.

ದಾರಿಯುದ್ದಕ್ಕೂ ಮಾತನ್ನು ಹುಡುಕಿದೆ. ಆ ಮಾತು ಮಾತ್ರ ಆಡಬಾರದು ಎಂದುಕೊಂಡೆ. ತೀರಿಕೊಂಡರು, ತೀರಿಕೊಂಡರು ಎಂದು ಬಸ್ಸಿನಲ್ಲಿ ತುಟಿ ಆಡಿಸುತ್ತಲೇ ಬಂದೆ. ಆಪರೇಟರಿಗೆ ಮಾತ್ರ ವಿಷಯ ಹೇಳಿದೆ. ಅವನು ಕೂತು ಬೆಂಗಳೂರನ್ನು ಕೂಗತೊಡಗಿದ. ಆ ದಿನ ಆಕಾಶ ಎಷ್ಟು ಚೆನ್ನಾಗಿತ್ತೆಂದರೆ, ಯಜಮಾನರ ಉಸಿರು ಸಹ ಕೇಳುತ್ತಿತ್ತು.

"ಹೇಳು," ಎಂದರು. ದನಿಯಲ್ಲಿ ಸಂತೋಷವಿತ್ತು. "ಅಪ್ಪ ಹೆಂಗವ್ರೆ?"

"ಮಾವ ಹೋದ್ರು, ರೀ."

ಬಂದುಬಿಟ್ಟಿತು, ಅದೇ ಮಾತು. ಆ ಕಡೆ ನಗು ಕೇಳಿಸಿತು.

"ಎಲ್ಲಿಗೆ? ಕಲ್ಯಾಣದುರ್ಗಕ್ಕಾ?"

ಹೋದದ್ದೇನೋ ಕಲ್ಯಾಣದುರ್ಗಕ್ಕೇ. "ಹ್ಞೂ" ಎಂದೆ.

"ಕಳ್ಳೇಕಾಯಿ ತರಾಕಾ?" ಎಂದು ಇನ್ನೂ ಜೋರಾಗಿ ನಕ್ಕರು.

ನಾನು ಬೂತಿನ ಗಾಜಿನಾಚೆ ಆಪರೇಟರಿನ ಕಡೆ ತಿರುಗಿದೆ. ಅವರು ನಗುತ್ತಲೇ ಹಲೋ, ಹಲೋ ಎನ್ನುತ್ತಿದ್ದರು. ಆಗ ಲೈನಿನಲ್ಲಿ ಇನ್ನೊಂದು ದನಿ ಬಂತು. ನಡುವೆ ಮಾತಾಡಬಾರದೆಂದು ಅವನಿಗೆ ನಿಯಮವಿತ್ತು.

"ಸಾರ್, ಹಿಂದೂಪುರಂ ಆಪರೇಟರ್ನಿ ಮಾಟ್ಲಾಡುತುನ್ನಾನು. ಮೀ ನಾನ್ನಗಾರು ಚನಿಪೋಯಾರು ಸಾರ್."

ನಿಮ್ಮ ತಂದೆ ತೀರಿಕೊಂಡರು ಎಂದು. ಯಾವ ಸೀಮೆಯಲ್ಲೂ ಎರಡು ಅರ್ಥವಿಲ್ಲದ ಮಾತು.

ನಗು ನಿಂತಿತು. ಅವರು ಕೇಳಿದರು, "ಯಾವತ್ತು?"

"ಸೋಮವಾರ," ಎಂದೆ.

ಹನ್ನೊಂದನೇ ದಿನ ಯಾವತ್ತು ಬರುತ್ತದೆ ಎಂದು ಅವರು ಕೇಳಲಿಲ್ಲ. ಗುರುವಾರ ಎಂದು ಇಬ್ಬರಿಗೂ ಗೊತ್ತಿತ್ತು.